ಬಾಲರಾಜು ಮಾಡುತ್ತಿದ್ದ ಪೂಜೆ

ನನ್ನ ಭಾವಮೈದ ಬಾಲರಾಜು ತೀರಿಕೊಂಡ ಸುದ್ದಿ ಬಂದದ್ದು ಒಂದು ಗುರುವಾರ ಬೆಳಿಗ್ಗೆ, ನಾನು ಮಡಿಯುಟ್ಟು ಪೂಜೆಗೆ ಕುಳಿತಿದ್ದಾಗ. ಫೋನು ಮೂರು ಸಲ ಬಡಿದುಕೊಂಡಿತು. ಮಡಿಯಲ್ಲಿ ಫೋನು ಮುಟ್ಟುವುದು ನನ್ನ ಪದ್ಧತಿಯಲ್ಲ. ಮೂರನೆಯ ಸಲವಂತೂ, ಹೊತ್ತು ಗೊತ್ತು ಇಲ್ಲದ ಜನ ಎಂದು ಮನಸ್ಸಿನಲ್ಲೇ ಬೈದು, ಗಂಟೆಯನ್ನು ಇನ್ನಷ್ಟು ಜೋರಾಗಿ ಬಾರಿಸಿದೆ. ನಾಲ್ಕನೆಯ ಸಲಕ್ಕೆ ನನ್ನ ಹೆಂಡತಿ ಸಿದ್ದಮ್ಮ ಕೊಟ್ಟಿಗೆಯಿಂದ ಓಡಿ ಬಂದು ಎತ್ತಿಕೊಂಡಳು. ಬಾಲರಾಜು ಅವಳಿಗೆ ಒಬ್ಬನೇ ತಮ್ಮ. ಆ ಮಾತನ್ನು ಅವಳು ಸಗಣಿ ಕೈಯಲ್ಲಿ, ಒಬ್ಬಳೇ ನಿಂತು ಕೇಳಬೇಕಾಯಿತು. ಆಗ ನಾನು ದೇವರಿಗೆ ಮಂಗಳಾರತಿ ಎತ್ತುತ್ತಿದ್ದೆ.

ಬಾಲರಾಜು ಹಿಂದಿನ ದಿನ ಕನಕಪುರಕ್ಕೆ ಒಂದು ನಾಮಕರಣಕ್ಕೆ ಹೋಗಿದ್ದ. ಬೆಳಿಗ್ಗೆ ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಜಗಲಿಯ ಮೇಲೆ ಕುಳಿತು ಚಪ್ಪಲಿ ಮೆಟ್ಟುತ್ತಿದ್ದವನು ಮತ್ತೆ ಏಳಲಿಲ್ಲ. ಅವನಿಗೆ ಅರವತ್ತೆಂಟು ವರ್ಷ. ನನಗೆ ಎಪ್ಪತ್ತೆರಡು. ಅಂದು ಸಂಜೆಯೇ ಸೋಲೂರಿನ ಹತ್ತಿರ ನಮ್ಮ ಊರಿಗೆ ತಂದು, ಅವನ ಹೊಲದಲ್ಲೇ ಮಣ್ಣು ಮಾಡಿದೆವು.

ನಾವಿಬ್ಬರೂ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಒಟ್ಟಿಗೆ ದುಡಿದವರು. ಟೆಲಿಫೋನ್ ಎಕ್ಸ್‌ಚೇಂಜಿನ ಯಂತ್ರಗಳ ಒಳಗೆ ಯಾರ ಕಣ್ಣಿಗೂ ಬೀಳದೆ ಓಡುವ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ನಮ್ಮ ಡೈರಿಗೆ ಅಂಥದ್ದೇ ಒಂದನ್ನು ಮಾಡಿಕೊಟ್ಟೆವು. ತಕ್ಕಡಿ ಹಾಲಿನ ತೂಕ ಹೇಳುತ್ತದೆ, ಇನ್ನೊಂದು ಯಂತ್ರ ಫ್ಯಾಟು ಹೇಳುತ್ತದೆ. ಎರಡನ್ನೂ ಕೇಳಿಸಿಕೊಂಡು ಚೀಟಿ ಮುದ್ರಿಸಿ, ಹೊರಗಿನ ಬೋರ್ಡಿನಲ್ಲಿ ತೋರಿಸುವುದು ನಮ್ಮ ಪ್ರೋಗ್ರಾಮಿನ ಕೆಲಸ. ಗೋಡೆಗೆ ಹೊಡೆದ ಒಂದು ಪುಟ್ಟ ಪೆಟ್ಟಿಗೆಯೊಳಗೆ ಅದು ಓಡುತ್ತದೆ. ಅರ್ಧ ನಾನು ಬರೆದೆ, ಅರ್ಧ ಬಾಲರಾಜು ಬರೆದ.

ಆರು ವರ್ಷದಲ್ಲಿ ಅದು ಒಂದು ದಿನವೂ ನಿಂತಿರಲಿಲ್ಲ. ಈ ಮಾತನ್ನು ನಾನು ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕದವರಿಗೆ ಹೇಳಿದ್ದೇನೆ, ಮಾಗಡಿಯಲ್ಲಿ ಹಲ್ಲು ಕೀಳಿಸಿಕೊಳ್ಳುವಾಗ ಬಾಯಿ ತೆರೆದುಕೊಂಡೇ ವೈದ್ಯರಿಗೂ ಹೇಳಲು ನೋಡಿದ್ದೇನೆ. ವಾರ್ಷಿಕ ಸಭೆಯಲ್ಲಿ ಡೈರಿಯವರು ಇದಕ್ಕಾಗಿ ನನಗೆ ಶಾಲು ಹೊದಿಸಿದರು. ಬಾಲರಾಜುವಿಗೆ ಹೊದಿಸಲಿಲ್ಲ, ಹಿರಿಯನು ನಾನು, ವೇದಿಕೆ ಹತ್ತಿದವನೂ ನಾನೇ. ಅವನು ಕೆಳಗೆ ಕುಳಿತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಮಣ್ಣಾದ ಮೂರನೆಯ ದಿನ, ಶನಿವಾರ, ಸಮಾಧಿಗೆ ಹಾಲು ತುಪ್ಪ ಬಿಡುವ ಶಾಸ್ತ್ರ. ಬಾಲರಾಜುವಿನ ಹೆಂಡತಿ ರಾಧಾಮಣಿ ಹಾಲಿನ ಚೊಂಬು ಹಿಡಿದು ನಿಂತಿದ್ದಳು. ಊರಿನ ಹತ್ತಿಪ್ಪತ್ತು ಜನ ಇದ್ದರು. ಆಗ ಡೈರಿಯ ಕಾರ್ಯದರ್ಶಿ ಮಹೇಂದ್ರ ಬದುವಿನ ಮೇಲೆ ಓಡಿ ಬಂದ.

“ಅಣ್ಣ, ಇಂಥ ಹೊತ್ನಲ್ಲಿ ಕೇಳಬಾರ್ದು. ಮಿಷನ್ನು ನಿಂತೋಗಿತ್ತು. ಹಾಲಿನೋರ ಸಾಲು ರಸ್ತೆಗಂಟ ಬಂದ್ಬುಡ್ತು.”

“ಸ್ವಿಚ್ಚು ಆರ್ಸಿ ಹಾಕ್ದಾ?”

“ಹಾಕ್ದೆ, ಈಗ ಓಡ್ತಾ ಐತೆ. ಆದ್ರೆ ಯಾಕ್ ನಿಂತೋಯ್ತು ಅಂತ ಕಮಿಟಿಯೋರು ಕೇಳ್ತಾವ್ರೆ. ಹಿಂಗೇ ನಿಲ್ಲೋದಾದ್ರೆ ಇದ್ನ ಕಿತ್ತಾಕಿ ಬೇರೆ ತರ್ಸೋದಾ ಅಂತಾವ್ರೆ.”

ಆರಿಸಿ ಹಾಕಿದ ಕೂಡಲೇ ಓಡಿತು ಎಂದಮೇಲೆ ರೋಗ ಯಾವುದೆಂದು ನನಗೆ ಅಲ್ಲೇ ತಿಳಿಯಿತು. ಅಷ್ಟು ತಿಳಿದದ್ದು ನಿಜ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ನನ್ನ ವಯಸ್ಸಿಗೆ ಶೋಭಿಸುತ್ತಿತ್ತು.

“ಮೆಮೊರಿ ಸೋರ್ತಾ ಐತೆ ಕಣಪ್ಪ,” ಎಂದೆ. “ಬಾಲರಾಜು ಬರೆದ ಕಡೆ ಎಲ್ಲೋ ತಪ್ಪಾಗೈತೆ. ಅವನದು ಯಾವಾಗ್ಲೂ ಒಸಿ ಅವಸರ. ನಂದ್ರಲ್ಲಿ ಅಂಥದ್ದು ಆಗಕ್ಕಿಲ್ಲ.”

ಹಸಿ ಮಣ್ಣಿನ ಮೇಲೆ ಹಾಲು ಇನ್ನೂ ಇಂಗಿರಲಿಲ್ಲ. ರಾಧಾಮಣಿ ಚೊಂಬಿನಲ್ಲಿ ಉಳಿದದ್ದನ್ನು ಬಿಟ್ಟು, ಕೈ ಮುಗಿದು, ಮನೆಗೆ ನಡೆದಳು.

ಸಂಜೆ ನಾನು ಅವರ ಮನೆಗೆ ಹೋದಾಗ ಅವಳು ಕೇಳಿದಳು:

“ಅಣ್ಣ, ಬೆಳಿಗ್ಗೆ ಅವರ ತಪ್ಪು ಅಂದ್ರಲ್ಲ, ಅಷ್ಟು ಜನ ಕೇಳಿಸ್ಕಂಡವ್ರೆ. ನೋಡಿ ಅಂದ್ರಾ, ನೋಡ್ದೆ ಅಂದ್ರಾ?”

ನಾನು ಅನುಭವದ ಬಗ್ಗೆ ಏನೋ ಹೇಳಲು ಹೊರಟೆ.

“ನೋಡಿಲ್ಲ ಅನ್ನಿ,” ಎಂದಳು. “ಹನ್ನೊಂದನೇ ದಿನ ತಿಥಿ. ಡೈರಿಯೋರೆಲ್ಲ ಊಟಕ್ಕೆ ಬತ್ತಾರೆ. ಅಷ್ಟರಲ್ಲಿ ನೋಡಿ. ಅವರದ್ದೇ ತಪ್ಪಾದ್ರೆ ಎಲ್ಲರ ಮುಂದೂ ಅವರದ್ದೇ ಅಂತ ಹೇಳಿ, ನಂಗೇನೂ ಬ್ಯಾಸರ ಇಲ್ಲ. ಅಲ್ದಿದ್ರೆ ಅಲ್ಲ ಅಂತಾನೂ ಎಲ್ಲರ ಮುಂದೇನೆ ಹೇಳ್ಬೇಕು. ಸತ್ತೋರು ಎದ್ದು ಬಂದು ಮಾತಾಡಕ್ಕಾಯ್ತದಾ?”

ಆ ದಿನದಿಂದ ನನಗೆ ಬೇರೆ ಕೆಲಸವಿರಲಿಲ್ಲ. ತಿಥಿ ಮುಂದಿನ ಭಾನುವಾರ.

ಈ ರೋಗ ಏನೆಂದು ತಿಳಿಯದವರಿಗೆ ಒಂದು ಮಾತು ಹೇಳಬೇಕು. ಛತ್ರದಲ್ಲಿ ಊಟಕ್ಕೆ ಎಲೆ ಹಾಕುತ್ತೇವೆ. ಉಂಡವರ ಎಲೆ ಎತ್ತಿದರೆ ತಾನೇ ಮುಂದಿನ ಪಂಕ್ತಿಗೆ ಜಾಗ? ಪ್ರೋಗ್ರಾಮೂ ಹಾಗೆಯೇ. ಒಬ್ಬೊಬ್ಬರು ಹಾಲು ತಂದಾಗಲೂ ಅವರ ಹೆಸರು, ತೂಕ, ಚೀಟಿ ಇಟ್ಟುಕೊಳ್ಳಲು ಮೆಮೊರಿಯಲ್ಲಿ ಒಂದು ಎಲೆಯಷ್ಟು ಜಾಗ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಬಿಟ್ಟುಕೊಡಬೇಕು. ಎಲ್ಲೋ ಒಂದು ಕಡೆ ಬಿಟ್ಟುಕೊಡಲು ಮರೆತರೆ ಎಂಜಲೆಲೆ ಹಾಗೇ ಉಳಿಯುತ್ತದೆ. ಒಂದೆರಡು ಎಲೆಯಿಂದ ಏನೂ ಆಗದು. ನಾಲ್ಕು ದಿನ ಹಾಗೇ ಉಳಿದರೆ ಛತ್ರ ತುಂಬಿ, ಬಡಿಸುವವನು ನಿಂತುಬಿಡುತ್ತಾನೆ. ಸ್ವಿಚ್ಚು ಆರಿಸಿದರೆ ಎಲ್ಲ ಎಲೆಗಳನ್ನೂ ಒಟ್ಟಿಗೆ ಗುಡಿಸಿ ಹಾಕಿದಂತೆ. ಮತ್ತೆ ನಾಲ್ಕು ದಿನ ನಡೆಯುತ್ತದೆ.

ಭಾನುವಾರ ಮತ್ತು ಸೋಮವಾರ ಬಾಲರಾಜು ಬರೆದ ಭಾಗವನ್ನು ಸಾಲು ಸಾಲಾಗಿ ಓದಿದೆ. ಜಾಗ ಹಿಡಿದ ಕಡೆಯೆಲ್ಲ ಅವನು ಪಕ್ಕದಲ್ಲಿ ಟಿಪ್ಪಣಿ ಬರೆದಿದ್ದ: ‘ಇಲ್ಲಿ ತೆಗೆದುಕೊಂಡದ್ದನ್ನು ಇಂಥ ಸಾಲಿನಲ್ಲಿ ಹಿಂತಿರುಗಿಸಿದೆ.’ ಆ ಸಾಲಿಗೆ ಹೋಗಿ ನೋಡಿದರೆ ಹಿಂತಿರುಗಿಸಿಯೇ ಇದ್ದ. ಹೀಗೆ ಮೂವತ್ತೊಂದು ಕಡೆ. ಮೂವತ್ತೊಂದನೆಯದೂ ಸರಿಯಾಗಿದ್ದದ್ದನ್ನು ಕಂಡು ನನಗೆ ಬೇಸರವಾಯಿತು. ಸತ್ತವನ ಬರಹದಲ್ಲಿ ತಪ್ಪು ಹುಡುಕಿ, ಸಿಗಲಿಲ್ಲವಲ್ಲ ಎಂದು ನಾನು ಕೊರಗಿದೆ. ಆ ಎರಡು ದಿನವೂ ನನ್ನ ಜಪ ತಪ್ಪಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ನನ್ನ ಭಾಗವನ್ನು ತೆರೆದು ನೋಡುವ ಯೋಚನೆ ಬರಲಿಲ್ಲ. ಅದಕ್ಕೆ ನಾನು ಪಾಸ್‌ವರ್ಡಿನ ಬೀಗ ಹಾಕಿದ್ದೆ. ಆರು ವರ್ಷದ ಹಿಂದೆ, ಯಂತ್ರ ಹಾಕಿದ ಹೊಸತರಲ್ಲಿ, ಬಾಲರಾಜು ಒಮ್ಮೆ, “ಭಾವ, ನಿಮ್ದು ಒಸಿ ನೋಡ್ಲಾ?” ಎಂದಿದ್ದ. “ಮಡಿ ಬಟ್ಟೆ ಇದ್ದಂಗೆ ಕಣೋ ಅದು, ಮುಟ್ಬ್ಯಾಡ,” ಎಂದು ಹೇಳಿ ಎಂಟು ದಿನ ಅವನೊಂದಿಗೆ ಮಾತು ಬಿಟ್ಟಿದ್ದೆ. ಅವನು ಮತ್ತೆ ಕೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಮಹೇಂದ್ರ ಮನೆಗೆ ಬಂದ.

“ಅಣ್ಣ, ನಮಗೆಲ್ಲ ಒಂದು ಅನುಮಾನ. ಬಾಲಣ್ಣ ಮಂಗಳವಾರ, ಶುಕ್ರವಾರ ತಪ್ಪದೆ ಮಿಷನ್ನಿಗೆ ಪೂಜೆ ಮಾಡೋರು. ಹೋದ ಶುಕ್ರವಾರ ಮನೇಲಿ ಸೂತಕ, ಪೂಜೆ ಆಗ್ಲಿಲ್ಲ. ಶನಿವಾರ ನಿಂತೋಯ್ತು. ನೀವಾದ್ರೂ ಬಂದು ಮಾಡ್ಬುಡಿ.”

ಆ ಪೂಜೆಯ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಅದು ನನ್ನ ಎರಡನೆಯ ಹೆಮ್ಮೆ. ಬಾಲರಾಜು ಹುಟ್ಟು ನಾಸ್ತಿಕ. ದೇವಸ್ಥಾನಕ್ಕೆ ಕರೆದರೆ ಹೊರಗೆ ಚಪ್ಪಲಿ ಕಾಯುತ್ತ ನಿಲ್ಲುವವನು. ಅಂಥವನು ಆರು ವರ್ಷದಿಂದ ವಾರಕ್ಕೆರಡು ಸಲ ಕುಂಕುಮದ ಪೊಟ್ಟಣ ಹಿಡಿದು ಡೈರಿಗೆ ಹೋಗುತ್ತಿದ್ದ. ನಲವತ್ತು ವರ್ಷದ ನನ್ನ ಸಹವಾಸದ ಫಲ ಎಂದು ನಾನು ತಿಳಿದಿದ್ದೆ. “ಕೊನೆಗೂ ಭಕ್ತ ಆಗ್ಬುಟ್ಟೆ ಕಣೋ,” ಎಂದು ಅವನ ಬೆನ್ನು ತಟ್ಟುತ್ತಿದ್ದೆ. “ಏನ್ಮಾಡೋದು ಭಾವ, ನಿಮ್ಮ ಗಾಳಿ,” ಎನ್ನುತ್ತಿದ್ದ.

ಸೂತಕ ನನಗೆ ಮೂರು ದಿನಕ್ಕೇ ಕಳೆದಿತ್ತು. ಸ್ನಾನ ಮಾಡಿ, ಪಂಚೆಯುಟ್ಟು, ತೆಂಗಿನಕಾಯಿ, ಬಾಳೆಹಣ್ಣು, ಕರ್ಪೂರ, ಸೇವಂತಿಗೆ ಹಾರ ಸಮೇತ ಹೊರಟೆ. ಪೆಟ್ಟಿಗೆಗೆ ವಿಭೂತಿ ಬಳಿದು, ಅಷ್ಟೋತ್ತರ ಹೇಳಿ, ಕಾಯಿ ಒಡೆದೆ. ಓಡುತ್ತಿರುವ ಯಂತ್ರವನ್ನು ಪೂಜೆಯ ಹೊತ್ತಿನಲ್ಲಿ ಆರಿಸುವುದು ದೀಪ ಆರಿಸಿದಂತೆ, ಅಮಂಗಳ ಎಂದು ಮಹೇಂದ್ರನಿಗೆ ತಿಳಿಸಿ ಹೇಳಿದೆ. ಮುಕ್ಕಾಲು ಗಂಟೆ ಹಿಡಿಯಿತು. ಹಾಲಿನ ಕ್ಯಾನು ಹಿಡಿದವರು ಸಾಲಿನಲ್ಲಿ ಕೈ ಮುಗಿದು ನಿಂತಿದ್ದರು. ಬೇರೆ ದಾರಿ ಇರಲಿಲ್ಲ.

ಬುಧವಾರ ಬೆಳಿಗ್ಗೆ ಯಂತ್ರ ನಿಂತುಹೋಯಿತು.

ನಾನು ಹೋಗುವ ಹೊತ್ತಿಗೆ ದೊಡ್ಡಲಕ್ಷ್ಮಮ್ಮ ಎಂಬ ಹಳೆಯ ಹಾಲಿನವಳು ಕ್ಯಾನಿನ ಮೇಲೆ ಕೈಯೂರಿ ನಿಂತಿದ್ದಳು. ನಿನ್ನೆಯ ಹಾರ ಪೆಟ್ಟಿಗೆಯ ಮೇಲೆ ಇನ್ನೂ ಬಾಡಿರಲಿಲ್ಲ.

“ಬನ್ನಿ ನಟರಾಜಣ್ಣ,” ಎಂದಳು. “ಬಾಲಣ್ಣ ಎಲ್ಡು ನಿಮಿಸ ಮಾಡಿದ್ರೆ ನಾಕು ದಿನ ಬರೋದು. ನೀವು ಮುಕ್ಕಾಲು ಗಂಟೆ ಮಾಡಿದ್ದು ಒಂದಿನಾನೂ ಬರ್ಲಿಲ್ವಲ್ಲ. ಯಾವ್ ದೇವ್ರಿಗೆ ಮಾಡಿದ್ರಿ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಮಹೇಂದ್ರನ ಕಡೆ ತಿರುಗಿದೆ.

“ಅವನು ಹೆಂಗ್ ಮಾಡ್ತಿದ್ದ?”

“ಪೂಜೆನಾ? ಏನೈತೆ ಅದ್ರಲ್ಲಿ? ಸ್ವಿಚ್ಚು ಆರ್ಸೋರು. ಧೂಳು ಒರೆಸೋರು. ಕುಂಕುಮ ಇಡೋರು. ಸ್ವಿಚ್ಚು ಹಾಕೋರು. ಹೋಗೋರು. ಮಂತ್ರ ಗಿಂತ್ರ ಏನೂ ಇಲ್ಲ.”

“ಕೈ ಮುಗೀತಿದ್ನಾ?”

ಮಹೇಂದ್ರ ನೆನಪು ಮಾಡಿಕೊಂಡ. “ಇಲ್ಲ ಕಣಣ್ಣ. ಕೈ ಮುಗಿದಿದ್ದು ನೋಡಿಲ್ಲ.”

ಆಗ ಸಾಲಿನಲ್ಲಿ ನಿಂತಿದ್ದವರು ಹೇಳುತ್ತಾರೆ, ನಾನು ಬಹಳ ಹೊತ್ತು ಆ ಹಾರವನ್ನೇ ನೋಡುತ್ತ ನಿಂತಿದ್ದೆನಂತೆ. ಸೋರಿಕೆಯಿದೆ ಎಂದು ಬಾಲರಾಜುವಿಗೆ ಆರು ವರ್ಷದಿಂದ ಗೊತ್ತಿತ್ತು. ತನ್ನ ಭಾಗದಲ್ಲಿ ಅದು ಇಲ್ಲ ಎಂದೂ ಗೊತ್ತಿತ್ತು. ಮತ್ತೊಬ್ಬನ ಭಾಗಕ್ಕೆ ಬೀಗ ಬಿದ್ದಿತ್ತು. ಬೀಗ ಹಾಕಿದವನು ಶಾಲು ಹೊದ್ದು ಊರೆಲ್ಲ ತಿರುಗುತ್ತಿದ್ದ. ಆದ್ದರಿಂದ ಅವನು ವಾರಕ್ಕೆರಡು ಸಲ ಹೋಗಿ ಎಲೆ ಗುಡಿಸಿ ಬರುತ್ತಿದ್ದ. ಸುಮ್ಮನೆ ಆರಿಸಿದರೆ ಜನ ಕಾರಣ ಕೇಳುತ್ತಾರೆ. ಕುಂಕುಮ ಇಟ್ಟರೆ ನಮ್ಮ ಊರಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ನಾನಂತೂ ಬೆನ್ನು ತಟ್ಟುತ್ತೇನೆ.

ಗುರುವಾರ ಮುಂಜಾನೆ ನೋಟ್‌ಬುಕ್ಕು ಹಿಡಿದು ಪೆಟ್ಟಿಗೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತೆ. ಎಷ್ಟು ಮೆಮೊರಿ ಖಾಲಿ ಇದೆ ಎಂಬ ಅಂಕಿಯನ್ನು ಪ್ರತಿಯೊಬ್ಬರು ಹಾಲು ಹಾಕಿದ ಮೇಲೂ ನೋಡಿದೆ. ಅಂಕಿ ಇಳಿಯುತ್ತಿತ್ತು, ಚೀಟಿ ಬಂದ ಕೂಡಲೇ ಮೊದಲಿನ ಜಾಗಕ್ಕೆ ಏರುತ್ತಿತ್ತು. ಇಪ್ಪತ್ತು ಜನ ಹೋದರೂ ಹೀಗೆಯೇ. ಇಪ್ಪತ್ತೊಂದನೆಯವಳು ದೊಡ್ಡಲಕ್ಷ್ಮಮ್ಮ. ಅವಳ ಹಾಲು ಸುರಿದಾಗ ಬೋರ್ಡಿನಲ್ಲಿ ‘ವಾಪಸ್’ ಎಂದು ಕೆಂಪಗೆ ಬಂತು. ನೀರು ಹೆಚ್ಚಾದ ಹಾಲನ್ನು ಯಂತ್ರ ಒಪ್ಪುವುದಿಲ್ಲ. ಅಂಕಿ ಇಳಿಯಿತು. ಮತ್ತೆ ಏರಲಿಲ್ಲ.

“ಯಾಕ್ ಹಂಗ್ ಕಣ್ಣ್ ಬುಟ್ಟು ನೋಡ್ತೀರಿ?” ಎಂದಳು. “ಬಿಸಿಲಿಗೆ ಹಸ ಒಸಿ ನೀರು ಜಾಸ್ತಿ ಕುಡ್ದದೆ, ಅಷ್ಟೇಯ.”

“ಇನ್ನೊಂದ್ಸಲ ಹಾಕವ್ವ.”

“ಯಾಕೆ, ಊರಿಗೆಲ್ಲ ಡಂಗೂರ ಸಾರ್ಸಾಕಾ?”

“ನಿನ್ ಕಾಲಿಗ್ ಬೀಳ್ತೀನಿ, ಹಾಕವ್ವ.”

ಅವಳು ಗಾಬರಿಯಾಗಿ ಹಾಕಿದಳು. ಮತ್ತೆ ವಾಪಸ್. ಅಂಕಿ ಇನ್ನೊಂದು ಮೆಟ್ಟಿಲು ಇಳಿಯಿತು. ಅಲ್ಲಿಗೆ ಅನುಮಾನ ಉಳಿಯಲಿಲ್ಲ. ಹಾಲು ಒಪ್ಪಿಗೆಯಾದರೆ ಎಲೆ ಎತ್ತುವ ಏರ್ಪಾಡಿತ್ತು. ಊಟ ಮಾಡದೆ ಎದ್ದುಹೋದವರ ಎಲೆಗೆ ದಿಕ್ಕಿರಲಿಲ್ಲ.

ಹಾಲು ಒಪ್ಪುವುದು, ವಾಪಸ್ ಮಾಡುವುದು ನನ್ನ ಭಾಗ.

ಮನೆಗೆ ಬಂದು ಆರು ವರ್ಷದ ಬೀಗ ತೆಗೆದು ನನ್ನ ಬರಹ ನೋಡಿದೆ. ಹಾಲು ವಾಪಸ್ಸಾಗುವ ಕಡೆ ಜಾಗ ಬಿಟ್ಟುಕೊಡುವ ಸಾಲು ಇರಲಿಲ್ಲ. ಅದರ ಬದಲು ನನ್ನದೇ ಒಂದು ಟಿಪ್ಪಣಿ ಇತ್ತು: ‘ನಮ್ಮ ಊರಿನವರು ಹಾಲಿಗೆ ನೀರು ಬೆರೆಸುವವರಲ್ಲವಾದ್ದರಿಂದ ಈ ಸಂದರ್ಭ ಬಾರದು. ಪರೀಕ್ಷಿಸುವ ಅಗತ್ಯವಿಲ್ಲ.’ ಬರೆದ ದಿನ ಶಿವರಾತ್ರಿಯ ಮಾರನೆಯ ದಿನ. ಉಪವಾಸ ಮಾಡಿ, ಜಾಗರಣೆ ಮಾಡಿ, ಜಗತ್ತೆಲ್ಲ ಪವಿತ್ರವಾಗಿ ಕಂಡಿರಬೇಕು.

ತಿದ್ದಿದ್ದು ಒಂದೇ ಸಾಲು. ಬರೆಯಲು ಅರ್ಧ ನಿಮಿಷ ಬೇಕಾಗಲಿಲ್ಲ. ಆದರೆ ಪರೀಕ್ಷೆ ಮಾಡದೆ ಸರಿಯಾಯಿತು ಎನ್ನುವ ಧೈರ್ಯ ಈಗ ನನಗಿರಲಿಲ್ಲ. ಶುಕ್ರವಾರ ಸಂಜೆ ಹೊಸದನ್ನು ಪೆಟ್ಟಿಗೆಗೆ ಹಾಕಿದೆ. ಅದರ ಪರೀಕ್ಷೆಗೆ ವಾಪಸ್ಸಾಗುವ ಹಾಲು ಬೇಕಲ್ಲ? ಶನಿವಾರ ಬೆಳಿಗ್ಗೆ ಸಿದ್ದಮ್ಮನ ಕಣ್ಣು ತಪ್ಪಿಸಿ ನಮ್ಮ ಹಸುವಿನ ಹಾಲಿಗೆ ಅರ್ಧಕ್ಕರ್ಧ ನಲ್ಲಿ ನೀರು ಬೆರೆಸಿ, ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ ಸಮೇತ ಡೈರಿಗೆ ಹೋಗಿ, ಸಾಲಿನ ಕೊನೆಯಲ್ಲಿ ನಿಂತೆ.

ವಾಪಸ್. ಅಂಕಿ ಇಳಿದು, ಏರಿತು.

ಅದೇ ಹಾಲನ್ನು ಮತ್ತೆ ಸುರಿದೆ. ವಾಪಸ್. ಮತ್ತೆ ಸುರಿದೆ. ಮನೆಗೆ ಹೊರಟಿದ್ದವರೆಲ್ಲ ಹಿಂದಿರುಗಿ ಬಂದು ಸುತ್ತ ನಿಂತರು.

“ಅಯ್ಯೋ ನಟರಾಜಣ್ಣ, ನೀವೂನಾ?” ಎಂದಳು ದೊಡ್ಡಲಕ್ಷ್ಮಮ್ಮ. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಎಂದೂ ಕಂಡಿರಲಿಲ್ಲ. “ನಂದಾದ್ರೂ ಹಸ ಕುಡ್ದ ನೀರು. ನಿಮ್ದು ನಲ್ಲಿ ವಾಸ್ನೆ ಹೊಡೀತದಲ್ಲ.”

ನೂರು ಸಲ ಸುರಿದೆ. ನೂರು ಸಲ ಬೋರ್ಡು ನನ್ನ ಹೆಸರಿನ ಮುಂದೆ ಕೆಂಪಗೆ ‘ವಾಪಸ್’ ಎಂದಿತು. ನೂರನೆಯದು ಮುಗಿದಾಗ ಅಂಕಿ ಮೊದಲಿನಷ್ಟೇ ಇತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನ್ನ ತೋಳು ಎತ್ತಲು ಬರುತ್ತಿರಲಿಲ್ಲ. “ಸಾಕು ಬುಡಿ ಅಣ್ಣ, ಅಪಶಕುನ,” ಎಂದು ಮಹೇಂದ್ರ ಕ್ಯಾನು ಕಿತ್ತುಕೊಂಡ.

ಅಲ್ಲಿಂದ ನೇರವಾಗಿ ರಾಧಾಮಣಿಯ ಮನೆಗೆ ಹೋದೆ. ಅವಳು ಮಾರನೆಯ ದಿನದ ಅಡಿಗೆಗೆ ಅವರೆಕಾಳು ಹಸನು ಮಾಡುತ್ತಿದ್ದಳು.

“ತಪ್ಪು ನಂದಮ್ಮ,” ಎಂದೆ. “ಅವನದು ಒಂದೂ ಇಲ್ಲ.”

“ಗೊತ್ತಿತ್ತು ಅಣ್ಣ.”

“ಗೊತ್ತಿದ್ರೆ ಅವತ್ತೇ ಹೇಳ್ಬಾರ್ದಾಗಿತ್ತಾ?”

“ನಾನ್ ಹೇಳಿದ್ರೆ ಗಂಡನ್ನ ವಹಿಸ್ಕತ್ತಾಳೆ ಅಂತಿದ್ರಿ. ಬೀಗದ ಕೈ ನಿಮ್ಮತ್ರ ಇತ್ತು, ನೀವೇ ತೆಗೀಬೇಕಾಗಿತ್ತು.” ಅವಳು ಮೊರ ಕೆಳಗಿಟ್ಟಳು. “ನಾನೂ ಅವರಿಗೆ ಹೇಳ್ದೆ, ಭಾವಂಗೆ ಒಂದ್ ಮಾತು ಅಂದ್ಬುಡಿ ಅಂತ. ‘ಬ್ಯಾಡ ಕಣೆ, ಶಾಲು ಹೊದ್ದವ್ರೆ. ಈಗ ಹೇಳಿದ್ರೆ ಆ ಶಾಲು ಮುಳ್ಳಾಯ್ತದೆ. ನಂಗೇನು, ಎಲ್ಡು ನಿಮಿಸದ ಕೆಲಸ’ ಅನ್ನೋರು. ನೀವು ಭಕ್ತ ಆಗ್ಬುಟ್ಟೆ ಅಂತ ಬೆನ್ನು ತಟ್ಟಿದ ದಿನ ಮನೇಗ್ ಬಂದು ಹೊಟ್ಟೆ ಹಿಡ್ಕಂಡು ನಗೋರು. ನಕ್ಕೂ ನಕ್ಕೂ ಕೆಮ್ಮು ಬಂದ್ಬುಡೋದು.”

ಹೇಳುತ್ತ ಹೇಳುತ್ತ ಅವಳೇ ನಕ್ಕಳು. ಸತ್ತ ಮನೆಯಲ್ಲಿ ಹತ್ತು ದಿನದ ಮೇಲೆ ಬಂದ ನಗು ಅದು. ಬಹಳ ಹೊತ್ತು ನಿಲ್ಲಲಿಲ್ಲ. ಸೆರಗು ಕಣ್ಣಿಗೆ ಹೋಯಿತು. ನಾನು ಅವರೆಕಾಳಿನಲ್ಲಿ ಕಲ್ಲು ಆರಿಸುತ್ತ ಕುಳಿತೆ. ಕನ್ನಡಕ ಮಂಜಾಗಿ, ಒಳ್ಳೆಯ ಕಾಳನ್ನೇ ಆರಿಸಿ ಎಸೆದೆನಂತೆ.

ಭಾನುವಾರ ತಿಥಿಗೆ ಡೈರಿಯವರೆಲ್ಲ ಬಂದರು. ಎಡೆ ಇಟ್ಟು, ಎಲ್ಲರೂ ಕೈ ಮುಗಿದು ಆದ ಮೇಲೆ, ಊಟಕ್ಕೆ ಏಳುವ ಮೊದಲು ನಾನು ಎದ್ದು ನಿಂತೆ. ಹೇಳಬೇಕಾದ್ದನ್ನು ಬರೆದು ತಂದಿದ್ದೆ, ಓದಲು ಆಗಲಿಲ್ಲ. ಬಾಯಿಗೆ ಬಂದಂತೆ ಹೇಳಿದೆ. ಹಾಲು ತುಪ್ಪದ ದಿನ ಸಮಾಧಿಯ ಮುಂದೆ ನಾನು ಆಡಿದ್ದು ಸುಳ್ಳು. ತಪ್ಪು ನನ್ನದು, ಮೊದಲ ದಿನದಿಂದಲೂ ನನ್ನದು. ಬಾಲರಾಜು ಆರು ವರ್ಷ ಯಾರಿಗೂ ತಿಳಿಯದ ಹಾಗೆ ಅದನ್ನು ಕಾಯ್ದ. ಅವನು ಮಾಡುತ್ತಿದ್ದದ್ದು ಪೂಜೆಯಲ್ಲ. ಆ ಶಾಲು ಅವನದು. ಇಷ್ಟು ಹೇಳಿ ಕುಳಿತೆ.

ಕಮಿಟಿಯ ಹಿರಿಯ ಅಂಕಯ್ಯನವರು, “ಪೂಜೆ ಅಲ್ಲ ಅಂತ ಯಾಕಂತೀಯ ನಟರಾಜ?” ಎಂದರು. “ನೀನು ಮಾಡಿದ್ದು ಮುಕ್ಕಾಲು ಗಂಟೆ ನಾವ್ ನೋಡಿದ್ವಲ್ಲ. ಅವನದೇ ಪೂಜೆ. ಮಿಷನ್ನು ಇರ್ಲಿ ಬುಡು, ಕೀಳೋದು ಬ್ಯಾಡ.”

ರಾಧಾಮಣಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಒಳಗೆ ಹೋಗಿ, ಬಡಿಸಲು ಅನ್ನದ ತಪ್ಪಲೆ ಎತ್ತಿ ನನ್ನ ಕೈಗೆ ಕೊಟ್ಟಳು.

ಎಲ್ಲರ ಊಟವಾದ ಮೇಲೆ ನಾನೊಬ್ಬನೇ ಹೊಲಕ್ಕೆ ಹೋದೆ. ಪ್ರಾರ್ಥನೆಗೆ ನನಗೆ ನೂರೆಂಟು ಶ್ಲೋಕ ಬಾಯಿಪಾಠ ಬರುತ್ತದೆ. ಅಂದು ಒಂದೂ ನಾಲಗೆಗೆ ಬರಲಿಲ್ಲ. ಬಂದದ್ದು ಇಷ್ಟು:

ಮಾಗಡಿಯ ರಂಗನಾಥ, ಇವನು ತಾನಾಗಿ ನಿನ್ನ ಬಾಗಿಲಿಗೆ ಬಂದವನಲ್ಲ, ನಿನ್ನನ್ನು ಏನೂ ಕೇಳಿದವನೂ ಅಲ್ಲ. ಅವನ ಪರವಾಗಿ ನಾನು ಕೇಳುತ್ತಿದ್ದೇನೆ. ನಾನಾಡಿದ ಮಾತಿನ ಪಾಪ ನನಗಿರಲಿ, ಅದರ ನೋವು ಅವನನ್ನು ಮುಟ್ಟದಿರಲಿ. ಇನ್ನು ಅವನು ಯಾರ ಮಾನವನ್ನೂ ಕಾಯಬೇಕಾಗಿಲ್ಲ. ಅವನ ಜೀವವನ್ನು ನಿನ್ನ ನೆರಳಿನಲ್ಲಿ ತಣ್ಣಗೆ ಇಟ್ಟುಕೋ, ತಂದೆ. ಬಾಲರಾಜುವಿಗೆ ಶಾಂತಿ ಕೊಡು.